ಅರ್ಧ ಪಾದದ ಫೋಟೋ

ಮೊನ್ನೆ ಆಸ್ಪತ್ರೆಯಲ್ಲಿ ನಾನು ಬಾಯಿ ತೆರೆದದ್ದಕ್ಕೆ ನೀವೆಲ್ಲ ಮನೆಗೆ ಬಂದ ಮೇಲೂ ನಗುತ್ತಿದ್ದಿರಿ. ಅಂಗಡಿಯಲ್ಲಿ ಸಕ್ಕರೆ ಕೇಳುವುದಕ್ಕೂ ನಿಮ್ಮನ್ನು ಮುಂದೆ ಬಿಡುವ ಅಜ್ಜಿ, ಎಕ್ಸ್‌ರೇ ತೆಗೆಯುವ ಹುಡುಗಿಗೆ ಪಾಠ ಹೇಳಿದಳು ಎಂದು. ನಿಮ್ಮಲ್ಲಿ ಚಿಕ್ಕವನು ಕಬಡ್ಡಿ ಆಡಿ ಪಾದ ಹೊರಳಿಸಿಕೊಂಡು ಬಂದಿದ್ದ. ಡಾಕ್ಟರು ಅವನ ಕಾಲುಗಿಣ್ಣಿನ ಎರಡು ಪಕ್ಕವನ್ನೂ ಒತ್ತಿ ನೋಡಿದರು, ಪಾದದ ಹೊರ ಅಂಚು ಒತ್ತಿದರು, ನಡುಭಾಗ ಒತ್ತಿದರು, ಆಮೇಲೆ ನಾಲ್ಕು ಹೆಜ್ಜೆ ನಡೆಸಿದರು. ಗಿಣ್ಣಿಗೆ ಎಕ್ಸ್‌ರೇ ಬೇಡ, ಪಾದದ್ದು ತೆಗೆಸಿ ಅಂದರು. ಎಲ್ಲಿ ಒತ್ತಿದರೆ ನೋವೋ ಅಲ್ಲಿಯ ಫೋಟೋ. ಎಷ್ಟು ಸಣ್ಣ ಮಾತು. ಒಳಗೆ ಆ ಹುಡುಗಿ ಅವನನ್ನು ಮಲಗಿಸಲು ಹೊರಟಾಗ, ನಿಲ್ಲಿಸಿಯೂ ಒಂದು ತೆಗೆಯಮ್ಮ, ಬೆರಳಿನ ತನಕ ಬರಲಿ ಎಂದೆ. ನಾನು ಹೇಳಿದ್ದು ಅಷ್ಟೇ. ಅದನ್ನು ಎಲ್ಲಿ ಕಲಿತೆ ಎಂದು ನೀವು ಕೇಳಿದಿರಿ. ಎದುರು ಕೂತು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತೌರು ಸಿಂಗಟಗೆರೆ ಕಡೆ. ಕೊಟ್ಟದ್ದು ಅಜ್ಜಂಪುರದ ಹತ್ತಿರದ ಹಳ್ಳಿಗೆ. ಇದು ಎಪ್ಪತ್ತರ ದಶಕದ ಮಾತು. ಮನೆಯಲ್ಲಿ ಅತ್ತೆ, ನಿಮ್ಮ ತಾತ, ನಾನು, ಮತ್ತು ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ ನಿಮ್ಮಪ್ಪ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಾನು ಊರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದ್ದೆ. ನಿಮ್ಮ ತಾತ ಎಸ್ಸೆಸ್ಸೆಲ್ಸಿ ಪಾಸಾಗಿದ್ದರು. ಊರಿನವರು ಖಾತೆ ಬದಲಾವಣೆಗೆ, ಪಂಪ್‌ಸೆಟ್ಟಿನ ಕರೆಂಟಿಗೆ ಅರ್ಜಿ ಬರೆಸಿಕೊಳ್ಳಲು ನಮ್ಮ ಜಗಲಿಗೇ ಬರುತ್ತಿದ್ದರು. ಅವರು ಹೇಳಿದ್ದನ್ನು ಊರು ಒಪ್ಪುತ್ತಿತ್ತು.

ಈರುಳ್ಳಿ ಹೊಲದ ಕಳೆ ತೆಗೆಯುವ ಕಾಲ. ಗೊಬ್ಬರ ಹೊತ್ತ ಗಾಡಿಯಲ್ಲಿ ನಾನೂ ಕೂತು ಹೋಗಿದ್ದೆ. ಇಳಿಯುವಾಗ ಎಲ್ಲ ಹೆಂಗಸರೂ ಮಾಡುವ ಹಾಗೆ ಚಕ್ರದ ಮೇಲೆ ಕಾಲಿಟ್ಟೆ. ಎತ್ತಿಗೆ ನೊಣ ಕಚ್ಚಿತೋ ಏನೋ, ಸರಕ್ಕನೆ ಮುಂದೆ ಎಳೆಯಿತು. ನನ್ನ ಬಲಪಾದದ ಮುಂಭಾಗ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಮೈ ಆಚೆ ಬಿತ್ತು, ಪಾದ ಅಲ್ಲೇ ಉಳಿಯಿತು. ಹಸಿ ಕಬ್ಬು ಮುರಿದಂಥ ಸದ್ದು ನನಗೆ ಮಾತ್ರ ಕೇಳಿಸಿತೋ ಏನೋ, ಗಾಡಿ ಹೊಡೆಯುತ್ತಿದ್ದ ನಿಮ್ಮ ತಾತ, ಸೀರೆ ಸಿಕ್ಕಿಕೊಳ್ತೇನು ಎಂದು ಕೇಳಿದರು.

ಸಂಜೆಯೊಳಗೆ ಪಾದ ಉಬ್ಬಿ ಬೆರಳುಗಳ ಸಂದು ಕಾಣದಾಯಿತು. ಅತ್ತೆ ಅರಿಶಿನ ಸುಣ್ಣ ಕಲಸಿ ಬಟ್ಟಲು ನನ್ನ ಮುಂದೆ ತಳ್ಳಿದರು. ಮೇಲೆಲ್ಲ ಬಳಿದುಕೊಂಡೆ. ಅಂಗಾಲಿಗೆ ಬಳಿಯಲು ಹಿತ್ತಲಿಗೆ ಹೋಗಿ ಪಾದ ತಿರುಗಿಸಿ ನೋಡಿದೆ. ಅಂಗಾಲಿನ ನಟ್ಟ ನಡುವೆ ನೇರಳೆಹಣ್ಣು ಜಜ್ಜಿ ಬಳಿದ ಹಾಗೆ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ನಾನೊಬ್ಬಳೇ ನೋಡಿದೆ. ಹಿರಿಯರ ಮುಂದೆ, ಗಂಡನ ಮುಂದೆ ಅಂಗಾಲು ತೋರಿಸುವ ಸೊಸೆ ನಮ್ಮಲ್ಲಿ ಇರಲಿಲ್ಲ. ಕೂತಾಗ, ಮಲಗಿದಾಗ ಸೀರೆಯ ಅಂಚು ಎಳೆದು ಮುಚ್ಚಿಕೊಳ್ಳಬೇಕು. ಮುಂದೆ ಕಡೂರಿನ ಡಾಕ್ಟರು ಎಲ್ಲಕ್ಕಿಂತ ಮೊದಲು ಕೇಳಿದ್ದು ಅದನ್ನೇ, ಅಂಗಾಲು ಕಪ್ಪಾಗಿತ್ತಾ ಎಂದು.

ಊರಲ್ಲಿ ಮೂಳೆ ಕಟ್ಟುವವನೊಬ್ಬನಿದ್ದ. ಅವನು ಬೇಡ, ಎಕ್ಸ್‌ರೇ ತೆಗೆಸೋಣ ಎಂದವರು ನಿಮ್ಮ ತಾತ. ಉಳುಕೋ ಮುರಿತವೋ ಮಿಷನ್ನೇ ಹೇಳಲಿ ಅಂದರು. ಆ ಮಾತಿಗೆ ನಾನು ಒಳಗೊಳಗೇ ಹಿಗ್ಗಿದ್ದೆ. ಅಜ್ಜಂಪುರದಿಂದ ಬಸ್ಸು ಹತ್ತಿ ತರೀಕೆರೆಗೆ ಹೋದೆವು. ಅತ್ತೆಯೂ ಬಂದರು. ಅಲ್ಲಿ ಎಕ್ಸ್‌ರೇ ಮಿಷನ್ನು ಇಟ್ಟುಕೊಂಡಿದ್ದ ಒಬ್ಬ ಡಾಕ್ಟರಿದ್ದರು. ಅವರ ಬಾಗಿಲಲ್ಲಿ ಜನ ಕಿಕ್ಕಿರಿದಿತ್ತು. ನಿಮ್ಮ ತಾತ ಹೊರಗೆ ನಿಂತರು, ಹೆಂಗಸಿನ ಕಾಲಿನ ವಿಷಯ ಎಂದು ಅತ್ತೆ ಒಳಗೆ ಬಂದರು.

ಡಾಕ್ಟರು ನನ್ನ ಪಾದ ನೋಡಿ, ಕಾಲುಂಗುರ ತೆಗೀಬೇಕಲ್ಲ ಅಂದರು. ಲೋಹ ಇದ್ದರೆ ಫೋಟೋದಲ್ಲಿ ಅದೇ ಬೀಳುತ್ತದೆ ಎಂದು ವಿವರಿಸಿದರು. ಬೆರಳು ಉಬ್ಬಿದ್ದರಿಂದ ಉಂಗುರ ಮಾಂಸದೊಳಗೆ ಹೂತುಹೋಗಿತ್ತು. ಎಳೆದರೆ ಬರುವಂತಿರಲಿಲ್ಲ, ಕತ್ತರಿಸಬೇಕಿತ್ತು. ಅವರು ಕತ್ತರಿಯಂಥದ್ದೇನನ್ನೋ ಕೈಗೆ ತೆಗೆದುಕೊಂಡದ್ದೇ ತಡ, ಅತ್ತೆ ನಡುವೆ ಬಂದರು.

"ನನ್ನ ಮಗ ಹೊರಗೆ ನಿಂತವ್ನೆ ಸ್ವಾಮಿ, ಗುಂಡ್ಕಲ್ಲಿನಂಗೆ. ಇವಳ ಕಾಲುಂಗ್ರ ಕತ್ತರಿಸೋಕೆ ಅವ್ನೇನು ಸತ್ತೋದ್ನಾ?"

ಡಾಕ್ಟರು ಎರಡು ಮಾತು ಹೇಳಿ ನೋಡಿದರು. ಹೊರಗೆ ಯಾರದೋ ಮಗು ಅಳುತ್ತಿತ್ತು, ಯಾರೋ ಬಾಗಿಲು ಬಡಿಯುತ್ತಿದ್ದರು. ಕೊನೆಗೆ, ಹಾಗಾದರೆ ಬೆರಳಿನ ಕಡೆ ಬಿಟ್ಟು ಗಿಣ್ಣಿಂದು ತೆಗೀತೀನಿ, ಮುರಿಯೋದು ಸಾಮಾನ್ಯವಾಗಿ ಅಲ್ಲೇ ಅಂದರು. ನೋವು ಎಲ್ಲಿ ಎಂದು ಅವರು ನನ್ನನ್ನು ಕೇಳಲಿಲ್ಲ. ಅತ್ತೆಯನ್ನು ಕೇಳಿದರು. ಅತ್ತೆ ಸೀರೆಯ ಅಂಚಿನ ಮೇಲಿಂದಲೇ ಗಿಣ್ಣು ತೋರಿಸಿದರು. ನನ್ನನ್ನು ಹಲಗೆಯ ಮೇಲೆ ಮಲಗಿಸಿ, ಕಾಲು ಒಂದು ಪಕ್ಕಕ್ಕೆ ವಾಲಿಸಿ, ಉಂಗುರಗಳಿಗೆ ತಾಗದಂತೆ ಫೋಟೋ ಬೀಳುವ ಚಪ್ಪಟೆ ಪೆಟ್ಟಿಗೆಯನ್ನು ಮೇಲಕ್ಕೆ ಸರಿಸಿ ಫೋಟೋ ತೆಗೆದರು. ಉಸಿರು ಬಿಗಿ ಹಿಡಿ ಎಂದರು, ಹಿಡಿದೆ. ಅಂಗಾಲು ಕಾಣದಿರಲಿ ಎಂದು ಅತ್ತೆ ನನ್ನ ಪಾದದ ತುದಿಗೆ ಟವೆಲು ಹೊದಿಸಿದ್ದರು.

ಫೋಟೋ ಚೊಕ್ಕವಾಗಿ ಬಂತು. ಮೂಳೆಗೆ ಏನೂ ಆಗಿಲ್ಲ, ಬರೀ ಉಳುಕು, ಬಿಸಿನೀರು ಹಾಕಿ, ಓಡಾಡಿದರೆ ಬೇಗ ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದರು. ಓಡಾಡಿದರೆ ಎಂಬ ಆ ಮಾತನ್ನು ಅತ್ತೆ ತರೀಕೆರೆಯಿಂದ ಊರಿನ ತನಕ ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದರು.

ಆ ಫೋಟೋವನ್ನು ಅದರ ಕಾಗದದ ಚೀಲದ ಸಮೇತ ನಡುಮನೆಯ ಕಂಬದ ಮೊಳೆಗೆ ನೇತುಹಾಕಿದರು. ಹತ್ತಿರದಲ್ಲೇ ಗುರುಗಳ ಪಟ, ವಿಭೂತಿ ಬಟ್ಟಲು. ಯಾರು ಬಂದರೂ ಅತ್ತೆ ಅದನ್ನು ತೆಗೆದು ಬಾಗಿಲಿನ ಬೆಳಕಿಗೆ ಹಿಡಿಯುತ್ತಿದ್ದರು. ನೋಡ್ರೀ, ಒಳಗೆ ಕನ್ನಡಿ ಇದ್ದಂಗೈತೆ ಮೂಳೆ, ಹೊರಗೆ ಮಾತ್ರ ಕುಂಟು ಅನ್ನುತ್ತಿದ್ದರು. ಬಂದವರು ನನ್ನ ಕಾಲನ್ನು ನೋಡುತ್ತಿರಲಿಲ್ಲ. ಫೋಟೋ ನೋಡುತ್ತಿದ್ದರು. ಪಕ್ಕದ ಮನೆಯಾಕೆಗೆ ಅದರಲ್ಲಿ ಮೂಳೆ ಯಾವುದು, ನೆರಳು ಯಾವುದು ಗೊತ್ತಾಗದೆ ತಲೆಕೆಳಗಾಗಿ ಹಿಡಿದು ನೋಡಿ, ಎಷ್ಟು ಬೆಳ್ಳಗಿದೆ ಕಣೇ, ನಮಗೂ ಇಂಥ ಮೂಳೆ ಇದ್ದಿದ್ರೆ ಅಂದಳು. ಎಲ್ಲರೂ ನಕ್ಕರು. ಊರಲ್ಲಿ ನನಗೆ ಎಕ್ಸ್‌ರೇ ಸೊಸೆ ಎಂದು ಹೆಸರಾಯಿತು. ನೀರು ತರಲು ಹೋದಾಗ ಚಿಕ್ಕ ಹುಡುಗಿಯರು ನನ್ನ ಹಿಂದೆ ಒಂದು ಕಾಲು ಎಳೆದುಕೊಂಡು ಬರುತ್ತಿದ್ದರು.

ನಾನು ಹಿಮ್ಮಡಿಯ ಮೇಲೆ ಭಾರ ಹಾಕಿ ನಡೆಯಲು ಕಲಿತೆ. ಪಾದದ ನಡುವೆ ಭಾರ ಬಿದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ಕೋಲು ಇಟ್ಟುಕೊಂಡಿದ್ದೆ, ಅದನ್ನು ಅತ್ತೆ ಒಲೆಗೆ ಹಾಕಿದರು. ಕೋಲು ಹಿಡಿದರೆ ಕುಂಟು ಮೈಗೆ ಹತ್ತುತ್ತದೆ ಎಂದು. ಈರುಳ್ಳಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂರಲಾಗದೆ ನೆಲದ ಮೇಲೆ ಕೂತು ಸರಿಯುತ್ತ ಕಳೆ ತೆಗೆದೆ. ಸಾಲಿನ ಹೆಂಗಸರಿಗೆ ಅದೂ ನಗುವ ವಿಷಯವಾಯಿತು. ಒಮ್ಮೆ ನಿಮ್ಮ ತಾತನಿಗೆ ಧೈರ್ಯ ಮಾಡಿ ಹೇಳಿದೆ, ನೋವು ಗಿಣ್ಣಿನಲ್ಲಿಲ್ಲ, ಮುಂದೆ ಪಾದದಲ್ಲಿದೆ ಎಂದು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಮಿಷನ್ನು ಮನುಷ್ಯರ ಥರ ನಾಟಕ ಆಡಲ್ಲ ಕಣೇ" ಅಂದರು.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದೆ. ಬರೆಯುತ್ತೇನೆ. ಒಂದು ಮಧ್ಯಾಹ್ನ ಜಗಲಿಯಲ್ಲಿ ಕೆಲವು ಹೆಂಗಸರು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ನಾನು ಒಳಗೆ ಬೀಸುವ ಕಲ್ಲಿನ ಮುಂದೆ ಇದ್ದೆ. ಕರು ತೋರಿಸ್ತೀನಿ ಎಂದು ಅತ್ತೆ ನಿಮ್ಮಪ್ಪನನ್ನು ನನ್ನ ಮಡಿಲಿಂದ ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಅಂಗಳದಿಂದ ಅವರ ಕೂಗು ಕೇಳಿತು, ಲೇ, ಮಗ ಬಾನಿಗೆ ಬಿದ್ದ ಎಂದು. ದನಗಳು ನೀರು ಕುಡಿಯುವ ಕಲ್ಲುಬಾನಿ ಅದು, ಸೊಂಟದೆತ್ತರ. ನಾನು ಓಡಿದೆ. ಹೇಗೆ ಎದ್ದೆ, ಹೊಸಲು ಹೇಗೆ ದಾಟಿದೆ ಗೊತ್ತಿಲ್ಲ. ನಿಮ್ಮಪ್ಪ ಬಾನಿಯ ಅಂಚಿನ ಮೇಲೆ ಕೂತು ನೀರಿನಲ್ಲಿ ಕೈ ಆಡಿಸುತ್ತ ನಗುತ್ತಿದ್ದ. ಅತ್ತೆಯ ಕೈ ಅವನ ಬೆನ್ನಿಗಿತ್ತು. ಅವರು ಅವನ ಕಡೆಗಾಗಲೀ ನನ್ನ ಕಡೆಗಾಗಲೀ ನೋಡುತ್ತಿರಲಿಲ್ಲ, ಜಗಲಿಯ ಕಡೆ ನೋಡುತ್ತಿದ್ದರು.

"ಕಾಲು ಮುರಿದೋಳು ಇಂಗೆ ಓಡ್ತಾಳೇನ್ರೇ? ನೀವೇ ಹೇಳ್ರಿ."

ಹೆಂಗಸರು ಕಡಲೆಕಾಯಿ ಬಿಟ್ಟು ನಕ್ಕರು. ಓಡುವಾಗ ಪಾದದೊಳಗೆ ಏನೋ ಹರಿದು ಅಗಲವಾದದ್ದು ನನಗೆ ತಿಳಿದಿತ್ತು. ಮಗುವನ್ನು ಎತ್ತಿಕೊಳ್ಳಲೂ ಆಗದೆ, ಮೊಣಕಾಲೂರಿ ಒಳಗೆ ಬಂದೆ. ಅದನ್ನೂ ಅವರು ನೋಡಿದರು. ಆದರೆ ಓಡಿದ್ದನ್ನು ಮೊದಲೇ ನೋಡಿಯಾಗಿತ್ತು. ಸಂಜೆ ಅತ್ತೆ ಇದನ್ನು ನಿಮ್ಮ ತಾತನಿಗೆ ಅಭಿನಯ ಮಾಡಿ ತೋರಿಸಿದಾಗ ಅವರೂ ನಕ್ಕರು. ಆಮೇಲೆ ಆ ಮನೆಯಲ್ಲಿ ನಾನು ಕಾಲಿನ ಸುದ್ದಿ ಎತ್ತಲಿಲ್ಲ.

ಗೌರಿ ಹಬ್ಬ ಬಂತು. ನಮ್ಮವ್ವ ನನ್ನನ್ನು ಕರೆದೊಯ್ಯಲು ಬಂದಳು. ಹಬ್ಬಕ್ಕೆ ಮಗಳನ್ನು ಕಳಿಸುವುದಿಲ್ಲ ಎಂದು ಯಾರೂ ಹೇಳುವಂತಿಲ್ಲವಾದ್ದರಿಂದ ಕಳಿಸಿದರು. ಅವ್ವನಿಗೂ ನಾನು ಏನೂ ಹೇಳಲಿಲ್ಲ, ಉಳುಕು ಅಂದೆ. ಹಬ್ಬದ ಬೆಳಿಗ್ಗೆ ಎರೆದುಕೊಂಡು ಬಚ್ಚಲಿನಿಂದ ಬರುತ್ತಿದ್ದೆ. ಕಪ್ಪು ಚಪ್ಪಡಿಯ ಮೇಲೆ ನನ್ನ ಒದ್ದೆ ಹೆಜ್ಜೆಗಳು ಮೂಡಿದ್ದವು. ಅವ್ವ ರಂಗೋಲಿ ಬಟ್ಟಲು ಹಿಡಿದವಳು ಅಲ್ಲೇ ಬಗ್ಗಿ ನೋಡುತ್ತ ನಿಂತಳು. ಎಡಗಾಲಿನ ಗುರುತು ಎಲ್ಲರ ಹಾಗೆ ನಡುವೆ ಸಣ್ಣಗಾಗಿತ್ತು. ಬಲಗಾಲಿನದು ರೊಟ್ಟಿ ತಟ್ಟಿದ ಹಾಗೆ ಪೂರ್ತಿ ಅಗಲ. ಪಾದದ ಕಮಾನು ಕುಸಿದಿತ್ತು. ಇನ್ನೊಮ್ಮೆ ನಡಿ ಅಂದಳು, ನಡೆದೆ. ಹಬ್ಬದ ಅಡಿಗೆಯನ್ನು ಚಿಕ್ಕಮ್ಮನಿಗೆ ಬಿಟ್ಟು, ನಿಮ್ಮಪ್ಪನನ್ನು ಕಂಕುಳಿಗೆ ಎತ್ತಿಕೊಂಡು, ಅವತ್ತೇ ಬಸ್ಸಿಗೆ ಕಡೂರಿಗೆ ಕರೆದುಕೊಂಡು ಹೋದಳು.

ಕಡೂರಿನ ಡಾಕ್ಟರು ವಯಸ್ಸಾದವರು. ಮೊದಲು ಕೈಯಿಂದ ನೋಡಿದರು. ಗಿಣ್ಣು ಒತ್ತಿದರು, ನೋವಿರಲಿಲ್ಲ. ಹಿಮ್ಮಡಿ ಒಂದು ಕೈಯಲ್ಲಿ ಹಿಡಿದು, ಪಾದದ ಮುಂಭಾಗವನ್ನು ಇನ್ನೊಂದು ಕೈಯಲ್ಲಿ ಮೆಲ್ಲಗೆ ತಿರುಚಿದರು. ನಾನು ಅವ್ವನ ಸೆರಗು ಕಚ್ಚಿದೆ. ಅಂಗಾಲಿನ ವಿಷಯ ಕೇಳಿದ್ದು ಆಗಲೇ. ಇಲ್ಲಿಯೂ ಕಾಲುಂಗುರ ತೆಗೆಯಬೇಕು ಎಂದಾಗ ನಾನು ಪಾದ ಹಿಂದಕ್ಕೆ ಎಳೆದುಕೊಂಡೆ. ಅವ್ವ ಹೊರಗೆ ಹೋಗಿ ಅರಿಶಿನದ ಕೊಂಬು ಕಟ್ಟಿದ್ದ ದಾರವೊಂದನ್ನು ತಂದಳು. ಬೆರಳಿಗೆ ಮೊದಲು ಆ ದಾರ ಸುತ್ತಿ ಕಟ್ಟಿ, ಆಮೇಲೆ ಸೋಪಿನ ನೀರು ಹಾಕಿ ಉಂಗುರ ಜಾರಿಸಿದಳು. ಬೆರಳು ಬರಿದಾಗಲಿಲ್ಲ. ಅಷ್ಟೇ ಕೆಲಸ.

ಅವರು ನನ್ನನ್ನು ಮಲಗಿಸಲಿಲ್ಲ. ನೆಲದ ಮೇಲೆ ಮಣೆ ಇಟ್ಟು, ಅದರ ಮೇಲೆ ಫೋಟೋದ ಪೆಟ್ಟಿಗೆ ಇಟ್ಟು, ಎರಡೂ ಕಾಲಿಟ್ಟು ನಿಂತುಕೊಳ್ಳಮ್ಮ ಅಂದರು. ಭಾರ ಹಾಕು, ನೋವಾದರೂ ಹಾಕು. ತೊಳೆದು ಬಂದ ಫೋಟೋದಲ್ಲಿ ಎರಡು ಪಾದ ಅಕ್ಕಪಕ್ಕ ಇದ್ದವು. ಎಡಪಾದದಲ್ಲಿ ಹೆಬ್ಬೆರಳಿನ ಕಡೆಯ ಉದ್ದ ಮೂಳೆ ಮತ್ತು ಅದರ ಪಕ್ಕದ್ದು ಬುಡದಲ್ಲಿ ಅಂಟಿಕೊಂಡಿದ್ದವು. ಬಲಪಾದದಲ್ಲಿ ಅವೆರಡರ ನಡುವೆ ಬೆರಳು ತೂರುವಷ್ಟು ಕಪ್ಪು ಸಂದು. ಮಲಗಿಸಿ ತೆಗೆದರೆ ಎಷ್ಟೋ ಸಲ ಇದು ಮುಚ್ಚಿಕೊಂಡಿರುತ್ತದೆ, ನಿಂತಾಗ ತೆರೆದುಕೊಳ್ಳುತ್ತದೆ ಎಂದರು. ತರೀಕೆರೆಯ ಫೋಟೋ ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂದು ಕೇಳಿದರು. ನಾನು ಕೈಯಿಂದ ಗಿಣ್ಣಿನ ಮೇಲಿಂದ ಹಿಮ್ಮಡಿಯ ಸ್ವಲ್ಪ ಮುಂದಿನವರೆಗೆ ತೋರಿಸಿದೆ.

"ಹಾಗಾದ್ರೆ ಆ ಫೋಟೋದ್ದು ತಪ್ಪಿಲ್ಲಮ್ಮ. ನಿನಗೆ ನೋವಿರೋ ಜಾಗಾನೇ ಅದರಲ್ಲಿ ಇಲ್ಲ."

ಮುರಿದವಳು ಓಡಿದ್ದು ಹೇಗೆ ಎಂದು ಅವ್ವ ಕೇಳಿದಳು, ಬಾನಿಯ ವಿಷಯ ದಾರಿಯಲ್ಲಿ ಹೇಳಿದ್ದೆ. ಮಗು ಅಂದರೆ ಯಾವ ತಾಯಿಯೂ ಓಡುತ್ತಾಳೆ, ಓಡಿದ್ದಕ್ಕೇ ಇಷ್ಟು ಅಗಲವಾಗಿದೆ ಎಂದರು ಡಾಕ್ಟರು. ಪೆಟ್ಟಾದ ಹೊಸದರಲ್ಲಿ ಬಂದಿದ್ದರೆ ಕೂಡಿಸಿ ಪಟ್ಟಿ ಹಾಕಿ ಕಳಿಸುತ್ತಿದ್ದೆ, ಈಗ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕು, ತಂತಿ ಹಾಕಿ ಕೂಡಿಸಲು ನೋಡುತ್ತಾರೆ, ಈ ತಿಂಗಳೊಳಗೆ ಹೋದರೆ ಕಾಲು ಉಳಿಯಬಹುದು, ಅಲ್ಲಿಯತನಕ ನೆಲಕ್ಕೆ ಊರಬೇಡ, ತಡವಾದರೆ ಹೀಗೇ ಕೂಡಿಕೊಂಡುಬಿಡುತ್ತದೆ ಎಂದು ಬಿಡಿಸಿ ಹೇಳಿದರು. ಅವ್ವ ಮುಖ ಅರಳಿಸಿಕೊಂಡು ಹೊರಬಂದಳು. ಅವಳಿಗೆ ಫೋಟೋ ಸಿಕ್ಕಿತ್ತಲ್ಲ. ಇದನ್ನು ನೋಡಿದ ಮೇಲೆ ಯಾರು ಇಲ್ಲ ಅಂತಾರೆ ಎಂದು ಕಡೂರು ಸ್ಟೇಷನ್ನಿನಲ್ಲಿ ರೈಲು ಬರುವತನಕ ಹೇಳುತ್ತಲೇ ಇದ್ದಳು.

ಅಜ್ಜಂಪುರದಲ್ಲಿ ಇಳಿದು ಯಾರದೋ ಗಾಡಿಯಲ್ಲಿ ಮನೆ ಸೇರಿದೆವು. ಅವ್ವ ಬಾಗಿನದ ಮೊರವನ್ನು ಕೆಳಗಿಡುವ ಮೊದಲೇ ಅತ್ತೆಯ, ನಿಮ್ಮ ತಾತನ ಮುಂದೆ ಫೋಟೋ ಹೊರತೆಗೆದಳು. ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಒಪ್ಪಿಸಿದಳು. ಅತ್ತೆ ತಡೆಯದೆ ಕೇಳಿಸಿಕೊಂಡರು. ಕಪ್ಪು ಸಂದನ್ನೂ ನೋಡಿದರು. ಆಮೇಲೆ ಎದ್ದು ಕಂಬದ ಮೊಳೆಯಿಂದ ತರೀಕೆರೆಯ ಫೋಟೋ ತಂದು ಅದರ ಪಕ್ಕದಲ್ಲಿಟ್ಟರು.

"ಇದು ನಮ್ಮನೆಯಿಂದ ಹೊರಡೋಕೆ ಮುಂಚೆ ತೆಗೆಸಿದ್ದು, ಬೀಗ್ತೀ. ಮೂಳೆ ಇಂಗಿತ್ತು. ಅದು ನಿಮ್ಮನೆಗೆ ಹೋದ ಮೇಲೆ ತೆಗೆಸಿದ್ದು. ಮೂಳೆ ಇಂಗಾಗೈತೆ. ಮುರಿದು ಕಳಿಸೋರು ನೀವು, ಬೆಂಗ್ಳೂರಿಗೆ ಹೊತ್ಕೊಂಡು ಹೋಗೋರು ನಾವಾ?"

ಅವ್ವ ಏನು ಮಾಡಬೇಕೆಂದು ತಿಳಿಯದೆ ನನ್ನ ಸೀರೆಯ ಅಂಚು ಎತ್ತಿ, ಕಾಲು ನೋಡಿ, ಫೋಟೋ ಯಾಕೆ, ಕಾಲು ನೋಡಿ ಅಂದಳು. ಅತ್ತೆ ಮುಖ ತಿರುಗಿಸಿಕೊಂಡು, ಗಂಡಸರ ಮುಂದೆ ಮಗಳ ಕಾಲು ತೆರೆಯೋದು ನಿಮ್ಮ ಕಡೆ ರೂಢಿ ಇರಬಹುದು ಎಂದರು. ನಾನು ಅಂಚು ಎಳೆದುಕೊಂಡೆ.

ಆಗ ಅವ್ವ ನಿಮ್ಮ ತಾತನ ಕಡೆ ತಿರುಗಿದಳು. "ನೀವು ಓದಿದೋರು ಅಳಿಯಂದ್ರೇ. ನೀವೇ ಎರಡನ್ನೂ ನೋಡಿ ಹೇಳಿ" ಅಂದಳು.

ನಿಮ್ಮ ತಾತ ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದವರು. ನಿಮ್ಮ ಜ್ವರಕ್ಕೆ ಪಕ್ಕದಲ್ಲಿ ಕೂತು ಬೆಳಗು ಮಾಡಿದವರು. ಅದು ಸುಳ್ಳಲ್ಲ. ಇದೂ ಸುಳ್ಳಲ್ಲ.

ಅವರು ಎರಡು ಫೋಟೋಗಳನ್ನೂ ಎರಡು ಕೈಯಲ್ಲಿ ಹಿಡಿದು ಬಾಗಿಲಿನ ಬೆಳಕಿಗೆ ಎತ್ತಿದರು. ಮೊದಲು ಕಡೂರಿನದನ್ನು ನೋಡಿದರು. ಸಂದು ಎಲ್ಲಿದೆ ಎಂದು ಗುರುತಿಸಿದರು. ಆಮೇಲೆ ಅದೇ ಜಾಗವನ್ನು ತರೀಕೆರೆಯದರಲ್ಲಿ ಹುಡುಕಿದರು. ಅವರ ಹೆಬ್ಬೆರಳು ಗಿಣ್ಣಿನಿಂದ ಕೆಳಗೆ ಇಳಿಯಿತು, ಹಿಮ್ಮಡಿ ದಾಟಿತು, ಫೋಟೋದ ಅಂಚಿಗೆ ಬಂದು ನಿಂತಿತು. ಮುಂದೆ ಫೋಟೋ ಇರಲಿಲ್ಲ. ಅವರು ಹೆಬ್ಬೆರಳನ್ನು ಅಲ್ಲಿಂದ ತೆಗೆಯದೆ ನನ್ನ ಕಡೆ ಒಂದು ಸಲ ನೋಡಿದರು. ಅವರಿಗೆ ತಿಳಿಯಿತು ಎಂದು ನನಗೆ ತಿಳಿಯಿತು. ಅತ್ತೆ ನಿಮ್ಮಪ್ಪನ ಮೂಗು ಒರೆಸುತ್ತಿದ್ದರು.

"ನಮ್ಮವ್ವ ಹೇಳೋದೇ ಸರಿ" ಅಂದರು ನಿಮ್ಮ ತಾತ. "ಇಲ್ಲಿಂದ ಹೋಗುವಾಗ ಕಾಲು ಸರಿಯಿತ್ತು."

ಫೋಟೋಗಳನ್ನು ಒಂದೇ ಚೀಲಕ್ಕೆ ಹಾಕಿ ಅವರು ಜಗಲಿಗೆ ಹೋದರು. ಅಲ್ಲಿ ಅರ್ಜಿ ಬರೆಸಲು ಯಾರೋ ಕಾದಿದ್ದರು. ಇನ್ನು ಗೌರಿಗೆ ಕಳಿಸುವುದಿಲ್ಲ, ಕಳಿಸಿದ್ದರ ಫಲ ನೋಡಿಯಾಯಿತು ಎಂದು ಅತ್ತೆ ಅವ್ವನಿಗೆ ಹೇಳಿದರು. ಅವ್ವ ನೀರು ಕೂಡ ಕುಡಿಯದೆ ಹೊರಟಳು. ಅಜ್ಜಂಪುರದ ದಾರಿಯವರೆಗೆ ಅವಳ ಜೊತೆ ಹೋಗಬೇಕೆಂದಿದ್ದೆ, ಅಂಗಳದ ಆಚೆ ಹೋಗಲಾಗಲಿಲ್ಲ. ಕಾಲು ಊರಬೇಡ ಕಣೇ ಎಂದು ಅವಳು ಎರಡು ಸಲ ತಿರುಗಿ ಹೇಳಿದಳು.

ಮಾರನೆಯ ದಿನ ಈರುಳ್ಳಿ ಕೀಳುವುದಿತ್ತು. ಹೋದೆ.